ಹನ್ನೊಂದು ಗಂಟೆಯ ಸಾಲು

ಸರ್ವರನ್ನು ಯಾರೋ ಬೇಕೆಂದೇ ನಿಲ್ಲಿಸುತ್ತಿದ್ದಾರೆ. ವಸಂತ್‌ಗೆ ಅದರಲ್ಲಿ ಈಗ ಅನುಮಾನವೇ ಉಳಿದಿರಲಿಲ್ಲ.

ಬನ್ನಿಮಂಟಪದ ಆ ಅಗರಬತ್ತಿ ಕಂಪನಿಯ ಆರ್ಡರು, ಗೋದಾಮು, ಲಾರಿ ಲೋಡು ಎಲ್ಲ ನಡೆಯುತ್ತಿದ್ದದ್ದು ಒಂದೇ ಜಾವಾ ಅಪ್ಲಿಕೇಶನ್‌ನಲ್ಲಿ. ಅದನ್ನು ಹೊತ್ತುಕೊಂಡಿದ್ದ ಸರ್ವರ್ ನಿಂತರೆ ಗೇಟಿನಲ್ಲಿ ಲಾರಿಗಳೂ ನಿಲ್ಲುತ್ತಿದ್ದವು. ನೋಡಿಕೊಳ್ಳಲು ಇದ್ದವನು ವಸಂತ್ ಒಬ್ಬನೇ, ಅದೂ ಗುತ್ತಿಗೆ ನೌಕರ. ಅವನಿದ್ದ ದಿನ ಸರ್ವರ್ ಹಸುವಿನಷ್ಟು ಸಾಧು. ರಜಾ ಹಾಕಿದ ದಿನ ಬೆಳಗ್ಗೆ ಹನ್ನೊಂದಕ್ಕೆ ಸರಿಯಾಗಿ ನಿಲ್ಲುತ್ತಿತ್ತು. ಬೇರೆಯವರು ಚಾಲೂ ಮಾಡಿದರೆ ಎರಡು ನಿಮಿಷ ಉಸಿರಾಡಿ ಮತ್ತೆ ಮಲಗುತ್ತಿತ್ತು. ವಸಂತ್ ಎದ್ದುಬಿದ್ದು ಓಡಿಬಂದು, ಗೇಟಿನ ಹಾಜರಿ ಯಂತ್ರಕ್ಕೆ ಹೆಬ್ಬೆರಳು ಒತ್ತಿ, ಒಳಗೆ ಹೋಗಿ ಚಾಲೂ ಮಾಡಿದರೆ ಏನೂ ಆಗೇ ಇಲ್ಲವೆಂಬಂತೆ ಓಡುತ್ತಿತ್ತು.

“ನಿನ್ನ ಕೈಗುಣ ಕಣಪ್ಪ,” ಎನ್ನುತ್ತಿದ್ದರು ಮ್ಯಾನೇಜರ್ ವಿಜಯ್‌ಕುಮಾರ್.

ಆ ಕೈಗುಣ ಅವನ ಕೆಲಸ ಉಳಿಸಿದ್ದೂ ನಿಜ. ಎರಡು ವರ್ಷದ ಹಿಂದೆ, ಮಾರ್ಚ್ ಮೂವತ್ತರಂದು ವಸಂತ್ ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಸರ್ವರ್ ಮೊದಲ ಸಲ ನಿಂತದ್ದು ಅಂದೇ; ಅವನು ಜ್ವರದಲ್ಲೇ ಎದ್ದುಬಂದ ಮೇಲೆ ಮತ್ತೆ ಓಡಿತು. ಮಾರನೆಯ ದಿನ ಮ್ಯಾನೇಜರರ ನೀಲಿ ಫೈಲಿನಿಂದ ಕೆಲಸದಿಂದ ತೆಗೆಯುವವರ ಪಟ್ಟಿ ಹೊರಬಂತು. ಐವರು ಗುತ್ತಿಗೆಯವರಲ್ಲಿ ನಾಲ್ವರು ಮನೆಗೆ ಹೋದರು. ಇವನಿಲ್ಲದೆ ಆಗುವುದಿಲ್ಲವೆಂದು ಇವನೊಬ್ಬನನ್ನು ಇಟ್ಟುಕೊಂಡರು.

ಅಂದಿನಿಂದ ಅದೇ ಬೇಡಿಯಾಯಿತು. ಹೆಂಡತಿ ಭಾನುಪ್ರಿಯಾ ಬಾಣಂತನಕ್ಕೆ ಕೊಳ್ಳೇಗಾಲದ ತವರಿನಲ್ಲಿದ್ದಳು. ಮಗಳಿಗೆ ಐದು ತಿಂಗಳಾದರೂ ನಾಮಕರಣವಾಗಿರಲಿಲ್ಲ. ಮೂರು ಸಲ ಗೊತ್ತಾಗಿ ಮೂರು ಸಲವೂ ನಿಂತಿತ್ತು. ಮೂರನೆಯ ಸಲವಂತೂ ಟಿ. ನರಸೀಪುರ ದಾಟಿದ ಬಸ್ಸಿನಿಂದ ಇಳಿದು ವಾಪಸು ಬಂದಿದ್ದ. ನೆಂಟರ ಬಾಯಲ್ಲಿ ಮಗು ಇನ್ನೂ ಬರೀ ಪಾಪು. ಇವತ್ತು ಬೆಳಗ್ಗೆ ಅತ್ತೆ ಪುಟ್ಟತಾಯಮ್ಮ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು: “ನೀವು ಬರ್ದಿದ್ರೂ ಸೈ, ನಾಳೆ ಹನ್ನೊಂದಕ್ಕೆ ಹೆಸರಿಟ್ಬುಡ್ತೀವಿ.” ಹೆತ್ತ ಮಗಳ ಕಿವಿಯಲ್ಲಿ ಹೆಸರು ಹೇಳುವ ಭಾಗ್ಯವೂ ತನಗಿಲ್ಲವೇ ಎಂದು ಅವನಿಗೆ ಅಳು ಬಂದಿತ್ತು.

ವಿಜಯ್‌ಕುಮಾರರೇ ದಾರಿ ತೋರಿಸಿದ್ದರು. ಹೊಸ ಯಂತ್ರ ಬಂದಿತ್ತು. ಸಂಜೆಯೊಳಗೆ ಅದರಲ್ಲಿ ಸರ್ವರ್ ಹೊಂದಿಸಿಕೊಟ್ಟರೆ ನಾಳೆ ರಜಾ ಖಾತ್ರಿ.

“ನೀನಿಲ್ದೆ ನಾಳೆ ಒಂದಿನ ನಡೀಲಿ ಸಾಕು. ಆಮೇಲೆ ನಿಂಗೆ ರಜಾನೇ ರಜಾ,” ಎಂದು ಮೇಜಿನ ಮೇಲಿದ್ದ ನೀಲಿ ಫೈಲನ್ನು ಮುಚ್ಚಿದ್ದರು. ವಸಂತ್ ಕೈಮುಗಿದು ಬಂದಿದ್ದ.

ಕಿಟಕಿಯಿಲ್ಲದ ಆ ಕೋಣೆಯಲ್ಲಿ ಬೆಳಗ್ಗಿನಿಂದ ಕೂತಿದ್ದ. ಮೆಮೊರಿ ಎಷ್ಟು, ಡೇಟಾಬೇಸಿಗೆ ದಾರಿ ಎಲ್ಲಿಂದ, ಎಲ್ಲ ಒಂದೊಂದಾಗಿ ಹೊಂದಿಸಿದ. ಹಳೆಯ ಸರ್ವರಿನ ದಾಖಲೆಗಳನ್ನು ಮತ್ತೊಮ್ಮೆ ಜಾಲಾಡಿದ. ಒಂದು ದೋಷವೂ ಇಲ್ಲ. ನಿಂತಾಗಲೆಲ್ಲ ಆದೇಶದಂತೆ ನಿಂತಿದೆ, ಅಷ್ಟೇ. ಯಾರ ಆದೇಶ?

ಉಳಿದದ್ದು ಸರ್ವರನ್ನು ಚಾಲೂ ಮಾಡುವ ಒಂದು ಕಡತ. ಅವನಿಗೆ ಕೆಲಸ ಕಲಿಸಿದ ಯಶೋಧಾ ಮೇಡಂ ಬರೆದದ್ದು. ಎರಡು ವರ್ಷದ ಹಿಂದೆ ನಿವೃತ್ತರಾಗಿ ಹೊರಟಾಗ ಅದೊಂದನ್ನು ಮುಟ್ಟಬೇಡ ಎಂದಿದ್ದರು. ಗುರುವಾಕ್ಯವೆಂದು ಅವನು ಮುಟ್ಟಿರಲಿಲ್ಲ. ಈಗ ಹೊಸ ಯಂತ್ರಕ್ಕೆ ಸಾಗಿಸಲೇಬೇಕಾಗಿತ್ತು. ತೆರೆದು ಸಾಲುಸಾಲಾಗಿ ಓದಿದ.

ನಡುವೆ ಒಂದು ಸಾಲು ಸಿಕ್ಕಿತು. ಹನ್ನೊಂದು ಗಂಟೆಯೊಳಗೆ ಹಾಜರಿ ಯಂತ್ರದಲ್ಲಿ ಐವತ್ತೆಂಟನೇ ನಂಬರಿನ ಹೆಬ್ಬೆರಳು ಬೀಳದಿದ್ದರೆ ಸರ್ವರನ್ನು ನಿಲ್ಲಿಸು.

ಐವತ್ತೆಂಟು ಅವನ ಕೊರಳಲ್ಲೇ, ಗುರುತಿನ ಚೀಟಿಯಲ್ಲಿ ನೇತಾಡುತ್ತಿತ್ತು.

ಮೈಯೆಲ್ಲ ಉರಿದುಹೋಯಿತು. ಸರಸ್ವತಿಪುರಂನ ಮನೆಗೆ ಫೋನು ಹಚ್ಚಿದ. ಯಶೋಧಾ ಎತ್ತಿದರು, ಹಿಂದೆ ಕುಕ್ಕರ್ ಕೂಗುತ್ತಿತ್ತು.

“ಮೇಡಂ, ನನ್ನ ಕಾಲಿಗೆ ಹಗ್ಗ ಕಟ್ಬುಟ್ಟು ಹೋದ್ರಲ್ಲ. ನಿಮಗೆ ನಾನೇನು ದ್ರೋಹ ಮಾಡಿದ್ದೆ?”

ಅವರು ಒಲೆ ಆರಿಸಿ ಬಂದರು.

“ಆ ಸಾಲು ಬರೆದ ತಾರೀಖು ನೋಡಪ್ಪ. ಟೈಮೂ ಇದೆ. ನೋಡ್ಕೊಂಡು ಆಮೇಲೆ ಬೈಯಿ.”

ನೋಡಿದ. ಎರಡು ವರ್ಷದ ಹಿಂದಿನ ಮಾರ್ಚ್ ಮೂವತ್ತು, ಬೆಳಗ್ಗೆ ಹತ್ತೂಮುಕ್ಕಾಲು. ಅವನು ಜ್ವರದಲ್ಲಿ ಮಲಗಿದ್ದ ದಿನ.

“ಪಟ್ಟೀಲಿ ಐದು ಹೆಸರೂ ಇತ್ತು ಕಣೋ. ಮಾರನೇ ದಿನ ನಾನೂ ಹೊರಡೋಳು. ನನ್ನ ಕೈಲಿ ಇನ್ನೇನಾಗ್ತಿತ್ತು? ಬೇಡ ಅನ್ಸಿದ್ರೆ ಈಗ ಅಳಿಸ್ಬುಡು.”

ವಸಂತ್ ಫೋನು ಇಟ್ಟ. ಬೆಳಗ್ಗೆ ಕಂಡ ನೀಲಿ ಫೈಲು ಆಗ ನೆನಪಾಯಿತು. ನಾಳೆ ಮಾರ್ಚ್ ಮೂವತ್ತೊಂದು, ಪಟ್ಟಿ ಹೊರಬರುವ ದಿನ. ಸರ್ವರ್ ನಡೆದರೆ ಕೆಲಸಕ್ಕೆ ಕುತ್ತು, ನಿಲ್ಲುತ್ತದೆಂದು ಇಲ್ಲೇ ಕೂತರೆ ನಾಮಕರಣಕ್ಕೆ ಕುತ್ತು. ಅತ್ತ ದರಿ, ಇತ್ತ ಪುಲಿ. ಆ ಸಾಲನ್ನು ಇನ್ನೊಮ್ಮೆ ಓದಿ, ಕೀಲಿಮಣೆ ಎಳೆದುಕೊಂಡ.

ಐದು ಗಂಟೆಗೆ ವಿಜಯ್‌ಕುಮಾರ್ ಬಂದು, ನಾಳೆ ತೊಂದರೆಯಿಲ್ಲ ತಾನೇ ಎಂದು ಕೇಳಿದರು.

“ನೋಡ್ಬೇಕಾದ್ದೆಲ್ಲ ನೋಡಿದ್ದೀನಿ ಸಾರ್,” ಎಂದ ವಸಂತ್.

ಮಾರನೆಯ ದಿನ ಕೊಳ್ಳೇಗಾಲದಲ್ಲಿ, ಹನ್ನೊಂದಕ್ಕೆ ಸರಿಯಾಗಿ, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವಳ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದ. ಯಶೋಧಾ. ಯಾರ ಹೆಸರೆಂದು ನೆಂಟರು ಕೇಳುವಷ್ಟರಲ್ಲಿ ಫೋನು ಬಡಿದುಕೊಂಡಿತು. ಭಾನುಪ್ರಿಯಾಳ ಮುಖ ಬಾಡಿತು. ಅತ್ತೆ ಹಣೆ ಚಚ್ಚಿಕೊಂಡರು.

ಫೋನಿನಲ್ಲಿ ವಿಜಯ್‌ಕುಮಾರ್ ಅಳುವುದೊಂದು ಬಾಕಿ. ಹೊಸದೂ ನಿಂತಿದೆ, ಗೇಟಿನಲ್ಲಿ ಆರು ಲಾರಿ. “ಪಟ್ಟಿ ಕಳಿಸೋಕೆ ಕೂತಿದ್ದೆ ಕಣಪ್ಪ, ನಿನ್ನ ಹೆಸರು ಹೊಡೆದಾಕ್ದೆ. ಎಲ್ಲಿದ್ರೂ ಬಂದ್ಬುಡು.”

“ಊಟ ಮುಗಿಸ್ಕೊಂಡು ಬರ್ತೀನಿ ಸಾರ್,” ಎಂದು ವಸಂತ್ ಎಲೆಯ ಮುಂದೆ ಕೂತ. ಹಾಳು ಸರ್ವರಿಗೆ ನೆಂಟರೆಲ್ಲ ಸೇರಿ ಶಾಪ ಹಾಕಿದರು.

ಆ ಸಾಲನ್ನು ಒಂದಕ್ಷರವೂ ಬದಲಿಸದೆ, ಹಿಂದಿನ ಸಂಜೆ ಹೊಸ ಯಂತ್ರಕ್ಕೆ ಬರೆದುಬಂದವನು ಅವನೇ.