ಪ್ರಿನ್ಸಿಪಾಲರು ಕೈಯಾರೆ ಬರೆದ ಶಿಫಾರಸು

"ಈ ಮಧುಶ್ರೀ ಪತ್ರ ನೀನು ಟೈಪ್ ಮಾಡ್ಬೇಡ ಶ್ಯಾಮಲಮ್ಮ, ನಾನೇ ಬರೀತೀನಿ," ಎಂದು ಪ್ರಿನ್ಸಿಪಾಲ್ ಕೋದಂಡಪ್ಪ ಪೆನ್ನು ತೆಗೆದರು. ಗುಮಾಸ್ತೆ ಶ್ಯಾಮಲಾ ಬಾಯಿ ಬಿಟ್ಟುಕೊಂಡು ನೋಡಿದಳು. ಈ ಮನುಷ್ಯ ಸಹಿ ಬಿಟ್ಟು ಬೇರೇನಾದರೂ ಬರೆದದ್ದನ್ನು ಅವಳು ಹತ್ತು ವರ್ಷದಲ್ಲಿ ಕಂಡಿರಲಿಲ್ಲ.

ರಾಬರ್ಟ್‌ಸನ್‌ಪೇಟೆಯ ಆ ಕಾಲೇಜಿನಲ್ಲಿ ಎಲ್ಲರಿಗೂ ಒಂದೇ ಶಿಫಾರಸು ಪತ್ರ. 'ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಕಂಡ ಅತ್ಯುತ್ತಮ ಪ್ರತಿಭೆ' ಎಂದು ಶುರುವಾಗುವ ಅದರಲ್ಲಿ ಶ್ಯಾಮಲಾ ಹೆಸರು ಬದಲಿಸುವಳು, ಇವರು ಓದದೆ ಸಹಿ ಗೀಚುವರು. ಈ ವರ್ಷ ಅಂಥ ಅತ್ಯುತ್ತಮರು ಇಪ್ಪತ್ತಾರು ಮಂದಿ. ಕಾಲೇಜಿನ ಆಡಳಿತ ಮಂಡಳಿ ಅಧ್ಯಕ್ಷರ ಮಗ ನರೇಶನೂ ಅವರಲ್ಲೊಬ್ಬ. ಆ ಮಹಾಶಯನಿಗೆ ಲ್ಯಾಬಿನ ಬಾಗಿಲು ಎಲ್ಲಿದೆಯೆಂದು ಯಾರಾದರೂ ತೋರಿಸಬೇಕಿತ್ತು.

ಆದರೆ ಮಧುಶ್ರೀಗೆ? ಕಾಲೇಜಿನ ಕುಡಿಯುವ ನೀರು ಸರಿಯಿಲ್ಲವೆಂದು ಅಧ್ಯಕ್ಷರ ಮುಂದೆಯೇ ಬಾಟಲಿ ಹಿಡಿದು ನಿಂತವಳಿಗೆ? ನರೇಶ ಅರ್ಜಿ ಹಾಕಿದ ಹೊರರಾಜ್ಯದ ವಿಜ್ಞಾನ ಸಂಸ್ಥೆಯಲ್ಲೇ ಇವಳಿಗೂ ಸೀಟು ಬೇಕಂತೆ, ಎಷ್ಟು ಕೊಬ್ಬು! ಆಗೋಲ್ಲ ಎಂದರೆ ಇನ್ಯಾರದೋ ಕಾಲು ಹಿಡಿದು ಬರೆಸಿಕೊಂಡಾಳು. ಅದಕ್ಕಿಂತ ಬರೆದೇ ಮುಗಿಸುವುದು ವಾಸಿ.

ಅವಳಪ್ಪ ಮುನಿರಾಜು, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮೂಟೆ ಹೊರುವವನು, ಹೆಗಲ ಟವೆಲ್ ಕೈಗೆ ತೆಗೆದುಕೊಂಡು ಬಾಗಿಲಲ್ಲಿ ನಿಂತಿದ್ದ. "ಎಲ್ಲಾರ್ಗೂ ಬರ್ಕೊಟ್ಟಂಗೆ ನಮ್ಮುಡ್ಗೀಗೂ ಬರ್ಕೊಡಿ ಸಾ. ಇದು ತಪ್ಪೋದ್ರೆ ಅವ್ಳಿಗೆ ಗಾರ್ಮೆಂಟ್ಸೇ ಗತಿ."

"ಎಲ್ಲಾರ್ಗಿಂತ ಉದ್ದುಕ್ಕೆ ಬರೀತೀನಿ, ಓಗಯ್ಯ," ಎಂದರು ಕೋದಂಡಪ್ಪ.

ಮಾತಿಗೆ ತಪ್ಪಲಿಲ್ಲ. ಮೂರು ಪುಟ ಬರೆದರು. ಪುಸ್ತಕದಲ್ಲಿರುವುದನ್ನು ಸುಮ್ಮನೆ ಒಪ್ಪುವವಳಲ್ಲ. ಮೇಷ್ಟ್ರು ಉತ್ತರ ಹೇಳಿದ ಮೇಲೂ ಕೂರುವವಳಲ್ಲ. ಬೇಡವೆಂದರೂ ಚಾಂಪಿಯನ್ ರೀಫ್ಸ್‌ ಚಿನ್ನದ ಗಣಿಯ ಮಣ್ಣಿನ ದಿಬ್ಬ ಹತ್ತಿ ಡಬ್ಬಿಗೆ ಧೂಳು ತುಂಬಿಕೊಂಡು ಬರುತ್ತಾಳೆ. ರಜೆಯಲ್ಲೂ ಲ್ಯಾಬಿನ ಬೀಗದ ಕೈ ಕೇಳಿ ಪ್ರಾಣ ತಿನ್ನುತ್ತಾಳೆ. ಒಂದೊಂದೂ ನಿಜವೇ ಆಗಿದ್ದುದು ಅವರಿಗೆ ಇನ್ನಷ್ಟು ಹಿತವಾಗಿತ್ತು. ಲಕೋಟೆಯನ್ನು ತಾವೇ ಅಂಟಿಸಿ ಮೊಹರು ಒತ್ತಿದರು.

ಹದಿನೈದು ದಿನಕ್ಕೆ ಸಂಸ್ಥೆಯಿಂದ ಫೋನ್ ಬಂತು. ಪ್ರೊಫೆಸರೊಬ್ಬರು, ಮಧುಶ್ರೀ ಬಗ್ಗೆ ಬರೆದದ್ದೆಲ್ಲ ನಿಜವೇ, ಪುರಾವೆ ಇದೆಯೇ ಎಂದು ಕೇಳಿದರು. ಕೋದಂಡಪ್ಪ ಉಬ್ಬಿಹೋದರು. ಪುರಾವೆಗೇನು ಬರ? ಪಾಠದ ಹೊತ್ತಿನಲ್ಲಿ ಏನೋ ಗೀಚುತ್ತಾಳೆಂದು ಅವಳಿಂದ ಕಿತ್ತುಕೊಂಡ ನೋಟ್‌ಬುಕ್ ಬೀರುವಿನಲ್ಲೇ ಇತ್ತು. ಅದರ ತುಂಬ ಏಳು ಹಳ್ಳಿಗಳ ಕೊಳವೆಬಾವಿ ನೀರಿನ ಪರೀಕ್ಷೆ, ಎರಡು ವರ್ಷದ್ದು. ಅಂದೇ ಸ್ಪೀಡ್ ಪೋಸ್ಟ್ ಮಾಡಿಸಿದರು.

"ಮುಗೀತು ಬಿಡು ಅವಳ ಕತೆ," ಎಂದು ಶ್ಯಾಮಲಾಗೆ ಹೇಳಿ ಟೀ ತರಿಸಿ ಕುಡಿದರು.

ಜೂನ್ ಮೊದಲ ವಾರ ಸಂಸ್ಥೆಯ ಪತ್ರ ಬಂತು. ಶ್ಯಾಮಲಾ ಓದಿದಳು. ನರೇಶನ ಅರ್ಜಿ ತಿರಸ್ಕೃತವಾಗಿತ್ತು; ಕಾರಣ, ಅವನ ಶಿಫಾರಸು ಪತ್ರವೇ ಹೋದ ವರ್ಷವೂ ಅದರ ಹಿಂದಿನ ವರ್ಷವೂ ಬೇರೆ ಹೆಸರಿನಲ್ಲಿ ಅವರಿಗೆ ತಲುಪಿತ್ತು.

"ಆಳಾಗೋಗ್ಲಿ," ಕೋದಂಡಪ್ಪ ಹಣೆ ಒರೆಸಿಕೊಂಡರು. "ಅವಳ್ದೇನಾಯ್ತು, ಓದು."

"'ತಮ್ಮ ಬಲವಾದ ಶಿಫಾರಸಿನ ಮೇರೆಗೆ,'" ಶ್ಯಾಮಲಾ ನಿಧಾನವಾಗಿ ಓದಿದಳು, "'ಮಧುಶ್ರೀಗೆ ಪೂರ್ತಿ ವಿದ್ಯಾರ್ಥಿವೇತನದೊಂದಿಗೆ ಸೀಟು ನೀಡಲಾಗಿದೆ.'"