ಫಕೀರವ್ವನ ಬಲಗೈ

ಗಿರಾಕಿ ಇಲ್ಲದಾಗ ಚಹಾದಂಗಡಿಯ ಫಕೀರವ್ವನ ಬಲಗೈ ತಾನಾಗಿಯೇ ಸೊಂಟದೆತ್ತರಕ್ಕೆ ಇಳಿದು ಗಾಳಿಯನ್ನು ಸವರುತ್ತಿತ್ತು. ಅವಳು ಒಂದು ಹಳೆಯ ವಿಡಿಯೋ ಗೇಮಿನ ಪಾತ್ರ; ಆ ಗೇಮಿನ ಅಭಿಮಾನಿಗಳು ದಿನವೂ ಒಳಗೆ ಬಂದು ಚಹಾ ಕುಡಿದು ಹೋಗುತ್ತಿದ್ದರು. ಕೈ ಹಾಗೆ ಆಡುವುದು ಗೇಮು ಮಾಡಿದವರ ತಪ್ಪೆಂದು ಅವರು ನಂಬಿದ್ದರು. ಫಕೀರವ್ವನೂ ನಂಬಿದ್ದಳು.

ಇವತ್ತು ಅವರಲ್ಲೊಬ್ಬಳಾದ ಸಂಜೋತಾ ಓಡೋಡಿ ಬಂದಳು. "ಅವ್ವಾ, ಈ ಗೇಮ್ ಕಟ್ಟಿದ ಸಾಫ್ಟ್‌ವೇರ್ ಸಿಕ್ಕೈತ್ರಿ. ಇಲ್ಲಿ ಮೊದಲ ನೀವೊಬ್ರ ಇರಲಿಲ್ರಿ, ಇನ್ನೊಬ್ರಿದ್ರು."

ಅವಳು ಬೆರಳಾಡಿಸಿದ್ದೇ ಹಿಂದಿನ ಗೋಡೆ ಮಾಯವಾಯಿತು. ಅಲ್ಲೊಬ್ಬ ಪುಟ್ಟ ಹುಡುಗಿ ಕಣ್ಣು ಮುಚ್ಚಿ, ಎರಡೂ ಕೈ ಅಗಲಿಸಿ ನಿಂತಿದ್ದಳು.

"ಯಾಕ ಹಂಗ ಕೈ ಚಾಚ್ಯಾಳ?" ಫಕೀರವ್ವ ಕೇಳಿದಳು.

"ಪೂರ್ತಿ ಮಾಡದ ಗೊಂಬಿ ಹಂಗ ನಿಂದರ್ತಾವ್ರಿ. ನಿಮ್ಮ ಮಗಳಂತ ಮಾಡಿದ್ರು, ಮೆಮರಿ ಸಾಲದಂಗಾಗಿ ತಗದ್ರು. ತಿರುಗಿ ಹಾಕಬಹುದು. ಆದ್ರ ಒಬ್ಬರ ಮಾತಿಗಷ್ಟ ಜಾಗ ಐತಿ. ಆಕಿ ಬಂದ್ರ ನಿಮ್ಮ ಮಾತು ಹೋಗತೈತಿ. ಲಗೂ ಹೇಳ್ರಿ, ಇದು ಭಾಳ ಹೊತ್ತು ತೆರದಿರಂಗಿಲ್ಲ."

ಒಲೆಯ ಮೇಲೆ ಹಾಲು ಉಕ್ಕಿತು. ಫಕೀರವ್ವ ಅತ್ತ ನೋಡಲಿಲ್ಲ. ಮಗಳಿಗೆ ಹೇಳಬೇಕಾದ್ದನ್ನೆಲ್ಲ ಈಗಲೇ ಹೇಳಿಬಿಡಬೇಕೆಂದು ತವಕಿಸಿದಳು. ಇಷ್ಟು ವರ್ಷ ಬರೀ 'ಸಕ್ಕರಿ ಎಷ್ಟು' ಎಂದು ಕೇಳಿದ ಬಾಯಿಗೆ ಬೇರೆ ಮಾತೇ ಹೊಳೆಯಲಿಲ್ಲ.

"ಆಕಿ ಹೆಸರೇನು?"

"ಇನ್ನೂ ಇಟ್ಟಿರಲಿಲ್ರಿ."

"ನೀಲವ್ವ," ಎಂದಳು ಫಕೀರವ್ವ. "ನೀಲವ್ವ ಅಂತ ಕರಿ. ಹಾಕು."

ಸಂಜೋತಾ ಗಾಳಿಯಲ್ಲಿ ಬೆರಳೊತ್ತಿದಳು. ಹುಡುಗಿ ಫಕೀರವ್ವನ ಪಕ್ಕದಲ್ಲಿ ಮೂಡಿದಳು; ಗಾಳಿ ಸವರುತ್ತಿದ್ದ ಕೈಗೆ ಕೂದಲು ಸಿಕ್ಕಿತು. ಹುಡುಗಿ ಕಣ್ಣು ಬಿಟ್ಟು ತಲೆಯೆತ್ತಿದಳು.

"ಯವ್ವಾ, ನನ್ನ ಹೆಸರೇನಬೇ?"

ಫಕೀರವ್ವ ಬಾಯಿ ತೆರೆದಳು, ದನಿಯಿರಲಿಲ್ಲ. ಆಮೇಲೆ ಸಂಜೋತಾಳ ಮುಖ ನೋಡಿದಳು.