ಹತ್ತು ವರ್ಷದ ಥೈಮಸ್

ಈಗ ಹೆಣ್ಣು ನೋಡಲು ಬರುವವರು ಜಾತಕದ ಬದಲು ಎದೆಯೊಳಗಿನ ಥೈಮಸ್ ಗ್ರಂಥಿಯ ಸ್ಕ್ಯಾನ್ ತರುತ್ತಾರೆ. ನನ್ನನ್ನು ನೋಡಲು ಬಂದ ಐವತ್ತೆರಡರ ವರ ಸದ್ಯೋಜಾತಪ್ಪ ತನ್ನದನ್ನು ಉಪ್ಪಿಟ್ಟಿನ ತಟ್ಟೆಯ ಪಕ್ಕದಲ್ಲೇ ಹರಡಿದ.

"ಗ್ರಂಥಿ ಮತ್ತೆ ಎಳೆಯದಾಗೋ ಪೆಪ್ಟೈಡ್ ಸೂಜಿ ಚುಚ್ಚಿಸ್ಕೊಂಡೆ. ನನ್ನ ಥೈಮಸ್‌ಗೆ ಈಗ ಹತ್ತೇ ವರ್ಷ! ರೋಗ ತಡೆಯೋ ಕಣಗಳು ಹೆಸರುಕಾಳಿನ ಮೊಳಕೆ ಥರ ಬೆಳೀತಿವೆ," ಎಂದು ಎದೆ ತಟ್ಟಿಕೊಂಡ. ಅಪ್ಪ ಆಗಲೇ ಕರಗಿದ್ದರು.

ಅವನ ತಾಯಿ ನನ್ನತ್ತ ತಿರುಗಿದರು. "ನೀನು ಚುಚ್ಚಿಸ್ಕೊಂಡಿಲ್ವಂತಲ್ಲ? ಮೂವತ್ತೆಂಟಕ್ಕೆಲ್ಲ ಅದು ಒಣಗಿ ಹೋಗಿರುತ್ತೆ. ನಮ್ಮದ್ಯಾವುದು, ಹೊರಗಿನದ್ಯಾವುದು ಅಂತ ಮೈಗೆ ಕಲಿಸೋದೇ ಆ ಗ್ರಂಥಿ ಅಲ್ವಾ?"

ದಿನಕ್ಕೆ ನಲವತ್ತು ಜನರಿಗೆ ಅದೇ ಸೂಜಿ ಚುಚ್ಚುವ ನರ್ಸ್ ನಾನು. ಸ್ಕ್ಯಾನ್ ಮಡಚಿ ಆಕೆಯ ಕೈಗಿತ್ತೆ.

"ಹೊರಗಿನವರು ಯಾರಂತ ಗೊತ್ತಾಯ್ತಮ್ಮ. ಬಾಗಿಲು ಆ ಕಡೆ. ಮಗನಿಗೆ ಹತ್ತೇ ವರ್ಷ, ರಸ್ತೆ ದಾಟುವಾಗ ಕೈ ಬಿಡಬೇಡಿ."